ವೈದ್ಯ ಕಾರ್ಲೋಸ್ ಶಾಗಸ್

ರೋಗಗಳಿಗೆ ಮನುಷ್ಯರ ಹೆಸರಿಡುವ ಪದ್ಧತಿ ಬಹು ವಿಚಿತ್ರವಾದುದು. ಒಬ್ಬನು ತನ್ನ ಆಯುಷ್ಯದ ಬಹುಭಾಗವನ್ನು ಒಂದು ಪೀಡೆಯನ್ನು ಅರಿಯುವುದಕ್ಕಾಗಿ ಸವೆಸಿದರೆ, ಲೋಕವು ಕೊನೆಗೆ ಆ ಪೀಡೆಗೇ ಅವನ ಹೆಸರನ್ನು ಅಂಟಿಸಿ ತನ್ನ ಕೃತಜ್ಞತೆಯನ್ನು ತೋರಿಸುತ್ತದೆ. ದಕ್ಷಿಣ ಅಮೆರಿಕದ ಬ್ರೆಜಿಲ್ ದೇಶದ ಕಾರ್ಲೋಸ್ ಶಾಗಸನಿಗೆ ಸಂದ ಗೌರವವೂ ಇದೇ. ನಮ್ಮ ವೃತ್ತಪತ್ರಿಕೆಗಳಲ್ಲಿ ಈ ಹೆಸರು ಚಾಗಸ್ ಎಂದು ಅಚ್ಚಾಗುವುದುಂಟು. ಪೋರ್ತುಗೀಸ್ ಭಾಷೆಯವರ ನಾಲಗೆಯಲ್ಲಿ ಅದು ಶಾಗಸ್. ಹಾಗೆಯೇ ಇಲ್ಲಿ ಬರೆದಿದ್ದೇನೆ. ಈ ರೋಗ ನಮ್ಮ ನಾಡಿನದಲ್ಲ. ನಾನು ವಿಜ್ಞಾನದ ವಿದ್ಯಾರ್ಥಿಯೂ ಅಲ್ಲ. ಆದರೂ ಮಣ್ಣಿನ ಗೋಡೆಯ ಬಿರುಕಿನಲ್ಲಿ ಅಡಗಿದ್ದ ಒಂದು ಹುಳುವಿನಿಂದ ಹಿಡಿದು ಮನುಷ್ಯನ ಗುಂಡಿಗೆಯ ನರದವರೆಗೆ ಒಂದೇ ಎಳೆಯನ್ನು ಹಿಡಿದು ನಡೆದವನ ಕಥೆ ಯಾವ ವಿಭಾಗದವರಿಗಾದರೂ ರುಚಿಸೀತು ಎಂಬ ಧೈರ್ಯದಿಂದ ಇದನ್ನು ಬರೆಯಹೊರಟಿದ್ದೇನೆ.

ಕಾರ್ಲೋಸ್ ಶಾಗಸನು ೧೮೭೯ನೆಯ ಇಸವಿ ಜುಲೈ ೯ರಂದು ಮಿನಾಸ್ ಜೆರಾಯಿಸ್ ಪ್ರಾಂತದ ಒಲಿವೇರಾ ಎಂಬ ಊರಿನ ಸಮೀಪದ ಕಾಫಿ ತೋಟವೊಂದರಲ್ಲಿ ಜನಿಸಿದನು. ನಾಲ್ಕನೆಯ ವಯಸ್ಸಿನಲ್ಲಿಯೇ ತಂದೆ ತೀರಿಕೊಂಡನು. ತಾಯಿ ಮರಿಯಾನಾ ಆಗಿನ್ನೂ ಎಳೆಯ ಪ್ರಾಯದವಳು. ಮಕ್ಕಳನ್ನು ಸಾಕುವ ಹೊಣೆಯ ಜೊತೆಗೆ ತೋಟದ ಆಡಳಿತವೂ ಆಕೆಯ ಹೆಗಲೇರಿತು. ಚಿಕ್ಕಮಗಳೂರು, ಕೊಡಗಿನ ಕಡೆಯಿಂದ ಬಂದಿರುವ ಮಿತ್ರರಿಗೆ ಕಾಫಿ ತೋಟ ನಡೆಸುವುದೆಂದರೆ ಏನೆಂಬುದನ್ನು ನಾನು ವಿವರಿಸಬೇಕಾಗಿಲ್ಲ. ಆಕೆ ಗಟ್ಟಿಗಿತ್ತಿ. ಮಗನನ್ನು ಎಂಟನೆಯ ವಯಸ್ಸಿಗೆ ಸಾವೊ ಪಾಲೊ ಪ್ರಾಂತದ ಇಟು ಎಂಬಲ್ಲಿದ್ದ ಜೆಸ್ವಿಟ್ ಪಾದ್ರಿಗಳ ವಸತಿಶಾಲೆಗೆ ಸೇರಿಸಿದಳು.

೧೮೮೮ರ ಮೇ ತಿಂಗಳಲ್ಲಿ ಬ್ರೆಜಿಲಿನಲ್ಲಿ ಗುಲಾಮಗಿರಿ ರದ್ದಾಯಿತು. ಬಿಡುಗಡೆಗೊಂಡ ಗುಲಾಮರು ತೋಟಗಳ ಮೇಲೆ ಬೀಳುತ್ತಿದ್ದಾರೆಂಬ ಗಾಳಿಮಾತು ಶಾಲೆಯವರೆಗೂ ಬಂತು. ತಾಯಿ ಒಬ್ಬಳೇ ಇದ್ದಾಳೆಂದು ಕಳವಳಗೊಂಡ ಹುಡುಗ ಯಾರಿಗೂ ಹೇಳದೆ ಶಾಲೆಯಿಂದ ಓಡಿಹೋದನು. ಪಾದ್ರಿಗಳು ಅವನನ್ನು ಶಾಲೆಯಿಂದ ಹೊರಹಾಕಿದರು. ಮುಂದೆ ಸಾವೊ ಜೊವಾವೊ ಡೆಲ್ ರೇ ಎಂಬ ಊರಿನಲ್ಲಿ ಓದು ಮುಂದುವರಿಯಿತು.

ಮಗ ಇಂಜಿನಿಯರನಾಗಬೇಕೆಂಬುದು ತಾಯಿಯ ಹಂಬಲ. ಮನೆಯವರ ಆಸೆಗೂ ತನ್ನ ಒಲವಿಗೂ ನಡುವೆ ಸಿಕ್ಕಿದ ವಿದ್ಯಾರ್ಥಿಗಳು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ನಮ್ಮಂತೆ ಮನೆತನದಲ್ಲಿ ಮೊದಲನೆಯವರಾಗಿ ಕಾಲೇಜಿನ ಮೆಟ್ಟಿಲು ಹತ್ತಿದವರಿಗಂತೂ ಅದು ಚೆನ್ನಾಗಿ ಗೊತ್ತು. ಶಾಗಸನು ತಾಯಿಯ ಮಾತನ್ನು ಮೀರಲಾರದೆ ಊರೊ ಪ್ರೆಟೊದ ಗಣಿವಿದ್ಯಾಶಾಲೆಗೆ ಹೋದನು. ಅಲ್ಲಿ ಬೆರಿಬೆರಿ ರೋಗ ತಗುಲಿ ಹಣ್ಣಾಗಿ ಮನೆಗೆ ಹಿಂದಿರುಗಬೇಕಾಯಿತು. ಆರೈಕೆಯ ಆ ದಿನಗಳಲ್ಲಿ, ಒಲಿವೇರಾದಲ್ಲಿ ವೈದ್ಯನಾಗಿದ್ದ ಸೋದರಮಾವನ ಪ್ರಭಾವ ಅವನ ಮೇಲೆ ಬಿದ್ದಿತು. ತಾಯಿಯನ್ನು ಒಪ್ಪಿಸಿ ೧೮೯೭ರಲ್ಲಿ ರಿಯೊ ಡಿ ಜನೈರೊ ನಗರದ ವೈದ್ಯ ವಿದ್ಯಾಲಯವನ್ನು ಸೇರಿದನು.

ಅದೇ ೧೮೯೭ರಲ್ಲಿ, ಭೂಮಿಯ ಇನ್ನೊಂದು ಮಗ್ಗುಲಿನಲ್ಲಿ, ನಮ್ಮ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಎಂಬ ಸೈನ್ಯದ ವೈದ್ಯನು ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಜೀವಾಣುವನ್ನು ಕಂಡನು. ಈ ಎರಡು ಸಂಗತಿಗಳಿಗೆ ನೇರವಾದ ನಂಟಿಲ್ಲ, ನಿಜ. ಆದರೆ ರಕ್ತ ಕುಡಿಯುವ ಹುಳುವು ರೋಗವನ್ನು ಹೊತ್ತು ತರಬಲ್ಲದೆಂಬ ಆ ಹೊಸ ತಿಳಿವು ಇಲ್ಲದಿದ್ದರೆ ಶಾಗಸನ ಮುಂದಿನ ಕೆಲಸವೇ ನಡೆಯುತ್ತಿರಲಿಲ್ಲ. ಆತನ ಗುರುಗಳಲ್ಲಿ ಒಬ್ಬನಾದ ಫ್ರಾನ್ಸಿಸ್ಕೊ ಫಜಾರ್ಡೊ ಮಲೇರಿಯಾದಲ್ಲಿ ಪರಿಶ್ರಮವುಳ್ಳವನು. ಇನ್ನೊಬ್ಬ ಗುರು ಮಿಗೆಲ್ ಕೌಟೊ ರೋಗಿಯ ಹಾಸಿಗೆಯ ಬಳಿ ನಿಂತು ನೋಡುವುದನ್ನು ಕಲಿಸಿದವನು. ಪದವಿಯ ಪ್ರಬಂಧಕ್ಕೆ ಮಲೇರಿಯಾ ರೋಗಿಗಳ ರಕ್ತವನ್ನೇ ವಿಷಯವಾಗಿ ಆರಿಸಿಕೊಂಡ ಶಾಗಸನು, ರಿಯೊ ನಗರದ ಹೊರವಲಯದ ಮಾಂಗಿನ್ಯೊಸ್ ಎಂಬಲ್ಲಿದ್ದ ಪ್ರಯೋಗಶಾಲೆಗೆ ಹೋದನು. ಅಲ್ಲಿ ಒಸ್ವಾಲ್ಡೊ ಕ್ರೂಜನ ಪರಿಚಯವಾಯಿತು. ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿ ಕಲಿತು ಬಂದಿದ್ದ ಕ್ರೂಜನು ಶಾಗಸನಿಗಿಂತ ಏಳು ವರ್ಷ ಮಾತ್ರ ದೊಡ್ಡವನು. ಈತನೇ ಶಾಗಸನ ನಿಜವಾದ ಗುರು.

ಓದು ಮುಗಿದ ಮೇಲೆ ಪ್ರಯೋಗಶಾಲೆಯ ಕೆಲಸ ಕರೆದರೂ ಶಾಗಸನು ಹೋಗಲಿಲ್ಲ. ರೋಗಿಗಳನ್ನು ನೋಡುವುದೇ ಆತನಿಗೆ ಇಷ್ಟವಾಗಿತ್ತು. ನಿಟೆರೊಯ್ ಬಳಿಯ ಜುರುಜುಬಾ ಆಸ್ಪತ್ರೆಯಲ್ಲಿ ಪ್ಲೇಗು ರೋಗಿಗಳ ಶುಶ್ರೂಷೆ ಮಾಡಿದನು, ಸ್ವಂತ ವೃತ್ತಿಯನ್ನೂ ಆರಂಭಿಸಿದನು. ೧೯೦೪ರಲ್ಲಿ ಈರಿಸ್ ಲೋಬೊ ಎಂಬುವಳನ್ನು ಮದುವೆಯಾದನು.

೧೯೦೫ರಲ್ಲಿ ಸಾಂಟೋಸ್ ಬಂದರಿನ ಕಂಪನಿಯು ಇಟಟಿಂಗ ಎಂಬ ಕಾಡುಸೀಮೆಯಲ್ಲಿ ಜಲವಿದ್ಯುತ್ತಿನ ಕಾಮಗಾರಿ ನಡೆಸುತ್ತಿತ್ತು. ಮಲೇರಿಯಾದಿಂದ ಕೂಲಿಗಳು ಹಾಸಿಗೆ ಹಿಡಿದು ಕೆಲಸ ನಿಂತಿತು. ಕ್ರೂಜನ ಸೂಚನೆಯಂತೆ ಶಾಗಸನು ಅಲ್ಲಿಗೆ ಹೋದನು. ಆಗಿನ ರೂಢಿಯ ಮಾರ್ಗವೆಂದರೆ ಕೆರೆ ಕುಂಟೆಗಳ ನೀರಿನಲ್ಲಿ ಸೊಳ್ಳೆಯ ಮರಿಗಳನ್ನು ಕೊಲ್ಲುವುದು. ಆ ಕಾಡಿನಲ್ಲಿ ಎಷ್ಟು ನೀರೆಂದು ಹುಡುಕುವುದು? ಶಾಗಸನು ಬೇರೆ ರೀತಿಯಲ್ಲಿ ಯೋಚಿಸಿದನು. ಮನುಷ್ಯನಿಗೆ ಮಲೇರಿಯಾ ತಗುಲುವುದು ಬಹುಮಟ್ಟಿಗೆ ಮನೆಯೊಳಗೆ, ರಾತ್ರಿ ಮಲಗಿರುವಾಗ. ರಕ್ತ ಕುಡಿದು ಭಾರವಾದ ಸೊಳ್ಳೆ ದೂರ ಹಾರಲಾರದೆ ಅಲ್ಲೇ ಗೋಡೆಯ ಮೇಲೆ ಕೂರುತ್ತದೆ. ಹಾಗಾದರೆ ಯುದ್ಧ ನಡೆಯಬೇಕಾದುದು ಮನೆಯೊಳಗೆ! ಮನೆಗಳ ಕಿಂಡಿಗಳನ್ನು ಮುಚ್ಚಿಸಿ ಗಂಧಕದ ಹೊಗೆ ಹಾಕಿಸಿದನು. ಕೆಲವೇ ತಿಂಗಳಲ್ಲಿ ರೋಗ ಹತೋಟಿಗೆ ಬಂತು. ೧೯೫೩ರಲ್ಲಿ ನಮ್ಮ ದೇಶದಲ್ಲಿ ಮಲೇರಿಯಾ ನಿಯಂತ್ರಣದ ಯೋಜನೆ ಆರಂಭವಾದಾಗ ಊರೂರಿಗೆ ಬಂದು ಮನೆಯ ಒಳಗೋಡೆಗಳಿಗೆ ಡಿ.ಡಿ.ಟಿ. ಸಿಂಪಡಿಸುತ್ತಿದ್ದರೆಂದು ಹಿರಿಯರು ಹೇಳುತ್ತಾರಲ್ಲ, ಆ ಕ್ರಮದ ಹಿಂದಿದ್ದ ತತ್ತ್ವವೂ ಇದೇ.

ಶಾಗಸನ ಬಾಳಿನ ಮುಖ್ಯ ಪ್ರಕರಣ ೧೯೦೭ರಲ್ಲಿ ಮೊದಲಾಗುತ್ತದೆ. ಬ್ರೆಜಿಲಿನ ಸೆಂಟ್ರಲ್ ರೈಲುಮಾರ್ಗವನ್ನು ಉತ್ತರಕ್ಕೆ ವಿಸ್ತರಿಸುತ್ತಿದ್ದರು. ಮಿನಾಸ್ ಜೆರಾಯಿಸಿನ ಒಳನಾಡಿನ ಲಾಸಾನ್ಸ್ ಎಂಬ ಹಳ್ಳಿಯ ಬಳಿ ಮತ್ತೆ ಅದೇ ಮಲೇರಿಯಾ ಕೆಲಸಕ್ಕೆ ಅಡ್ಡಬಂತು. ಕ್ರೂಜನು ಶಾಗಸನನ್ನೂ ಬೆಲಿಸಾರಿಯೊ ಪೆನ್ನಾ ಎಂಬ ಇನ್ನೊಬ್ಬ ವೈದ್ಯನನ್ನೂ ಅಲ್ಲಿಗೆ ಕಳುಹಿಸಿದನು. ಹಳ್ಳಿಯಲ್ಲಿ ತಕ್ಕ ಬಿಡಾರವಿರಲಿಲ್ಲ. ರೈಲಿನ ಒಂದು ಡಬ್ಬಿಯೇ ಶಾಗಸನಿಗೆ ಮಲಗುವ ಮನೆ, ಅದೇ ಔಷಧಾಲಯ, ಅದೇ ಪ್ರಯೋಗಶಾಲೆ. ಹಗಲೆಲ್ಲ ರೋಗಿಗಳನ್ನು ನೋಡುವುದು, ಉಳಿದ ಹೊತ್ತಿನಲ್ಲಿ ಆ ಸೀಮೆಯ ಪ್ರಾಣಿಗಳ ರಕ್ತವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಪರೀಕ್ಷಿಸುವುದು, ಹೀಗೆ ದಿನ ಸಾಗುತ್ತಿತ್ತು. ಅಲ್ಲಿಯ ಮಾರ್ಮೊಸೆಟ್ ಎಂಬ ಪುಟ್ಟ ಕೋತಿಗಳ ರಕ್ತದಲ್ಲಿ ಟ್ರಿಪಾನೊಸೋಮ ಎಂಬ ಜಾತಿಯ, ಬಾಲದಂತಹ ಎಳೆಯುಳ್ಳ ಒಂದು ಸೂಕ್ಷ್ಮಜೀವಿಯನ್ನು ಕಂಡು ಅದಕ್ಕೆ ಹೆಸರಿಟ್ಟನು. ಅದು ನಿರಪಾಯಕಾರಿಯಾದುದು.

ಆದರೆ ಹಳ್ಳಿಗರಲ್ಲಿ ಮಲೇರಿಯಾ ಎಂದು ಹೇಳಲಾಗದ ಬೇರೆ ಏನೋ ಇದೆಯೆಂದು ಆತನಿಗೆ ತೋರತೊಡಗಿತು. ಪ್ರಾಯದ ಗಂಡಸರಿಗೆ ನಾಡಿ ತಪ್ಪಿತಪ್ಪಿ ಬಡಿಯುತ್ತಿತ್ತು. ಕೆಲವರಿಗೆ ಎದೆ ಹೊಡೆದುಕೊಳ್ಳುತ್ತಿತ್ತು, ಕಾಲು ಬಾತುಕೊಳ್ಳುತ್ತಿತ್ತು. ನಿನ್ನೆ ಹೊಲದಲ್ಲಿ ದುಡಿದವನು ಇಂದು ಇದ್ದಕ್ಕಿದ್ದಂತೆ ಬಿದ್ದು ಸಾಯುತ್ತಿದ್ದನು. ಇದಾವುದಕ್ಕೂ ಪುಸ್ತಕಗಳಲ್ಲಿ ಹೆಸರಿರಲಿಲ್ಲ.

ಹೀಗಿರುವಾಗ ರೈಲ್ವೆ ಇಂಜಿನಿಯರುಗಳ ಮುಖ್ಯಸ್ಥನಾಗಿದ್ದ ಕಾರ್ನೇಲಿಯೊ ಕಾಂಟರಿನೊ ಮೋಟಾ ಎಂಬುವನು ಶಾಗಸನಿಗೆ ಒಂದು ಹುಳುವನ್ನು ತೋರಿಸಿದನು. ಅದು ನಮ್ಮ ತಿಗಣೆಯ ದೂರದ ನಂಟ. ಆದರೆ ಅದಕ್ಕಿಂತ ಬಹಳ ದೊಡ್ಡದು, ರೆಕ್ಕೆಯುಳ್ಳದ್ದು. ಕಡ್ಡಿ ಹೆಣೆದು ಮಣ್ಣು ಮೆತ್ತಿದ ಗುಡಿಸಲುಗಳ ಗೋಡೆಯ ಬಿರುಕಿನಲ್ಲಿ ಹಗಲೆಲ್ಲ ಅಡಗಿರುತ್ತದೆ. ದೀಪ ಆರಿಸಿದ ಮೇಲೆ ಹೊರಬಂದು ಮಲಗಿದವರ ರಕ್ತ ಕುಡಿಯುತ್ತದೆ. ಹೊದಿಕೆಯಿಂದ ಹೊರಗಿರುವುದು ಮುಖವಾದ್ದರಿಂದ ಮುಖವನ್ನೇ ಕಚ್ಚುವುದು ಹೆಚ್ಚು. ಅದಕ್ಕಾಗಿ ಹಳ್ಳಿಗರು ಅದನ್ನು ಬಾರ್ಬೇರೊ, ಎಂದರೆ ಕ್ಷೌರಿಕ, ಎಂದು ಕರೆಯುತ್ತಿದ್ದರು. ಊರಿಗೆಲ್ಲ ಗೊತ್ತಿದ್ದ ಹುಳು. ಅದನ್ನು ಕುಯ್ದು ನೋಡಬೇಕೆಂದು ಮಾತ್ರ ಆವರೆಗೆ ಯಾರಿಗೂ ತೋಚಿರಲಿಲ್ಲ. ಶಾಗಸನು ನೋಡಿದನು. ಅದರ ಕರುಳಿನ ಹಿಂಭಾಗದಲ್ಲಿ ಸೂಕ್ಷ್ಮಜೀವಿಗಳು ತುಂಬಿಕೊಂಡಿದ್ದವು.

ಲಾಸಾನ್ಸಿನ ಕೋತಿಗಳಲ್ಲಿ ಮೊದಲೇ ಬೇರೆ ಟ್ರಿಪಾನೊಸೋಮವಿದ್ದುದರಿಂದ ಅವುಗಳ ಮೇಲೆ ಪ್ರಯೋಗ ಮಾಡಿದರೆ ಫಲ ಕಲಬೆರಕೆಯಾಗುತ್ತಿತ್ತು. ಆದುದರಿಂದ ಹುಳುಗಳನ್ನು ಮಾಂಗಿನ್ಯೊಸ್‌ಗೆ, ಕ್ರೂಜನ ಬಳಿಗೆ ಕಳುಹಿಸಿದನು. ಕ್ರೂಜನು ಅಲ್ಲಿಯ ಶುದ್ಧವಾದ ಕೋತಿಗಳನ್ನು ಆ ಹುಳುಗಳಿಂದ ಕಚ್ಚಿಸಿದನು. ಸುಮಾರು ಒಂದು ತಿಂಗಳಿನೊಳಗೆ ಕೋತಿಯ ರಕ್ತದಲ್ಲಿ ಟ್ರಿಪಾನೊಸೋಮ ಕಾಣಿಸಿಕೊಂಡಿತು. ಸುದ್ದಿ ತಿಳಿದು ಶಾಗಸನು ಧಾವಿಸಿ ಬಂದು ಪರೀಕ್ಷಿಸಿದನು. ಅದು ತಾನು ಹಿಂದೆ ಕಂಡುದಲ್ಲ, ಹೊಸದು. ಗುರುವಿನ ಹೆಸರನ್ನಿಟ್ಟು ಅದನ್ನು ಟ್ರಿಪಾನೊಸೋಮ ಕ್ರೂಜಿ ಎಂದು ಕರೆದನು.

ಇಲ್ಲಿ ಒಂದು ವಿಶೇಷವನ್ನು ವಾಚಕರು ಗಮನಿಸಬೇಕು. ಸಾಮಾನ್ಯವಾಗಿ ಮೊದಲು ರೋಗ ತಿಳಿಯುತ್ತದೆ, ಆಮೇಲೆ ಅದರ ಕಾರಣ, ಕಟ್ಟಕಡೆಗೆ ಅದನ್ನು ಹರಡುವ ಹುಳು. ಶಾಗಸನು ನಡೆದದ್ದು ಹಿಂದುಮುಂದಾಗಿ. ಹುಳು ಸಿಕ್ಕಿತು, ಹುಳುವಿನೊಳಗೆ ಜೀವಾಣು ಸಿಕ್ಕಿತು. ಇನ್ನು ಆ ಜೀವಾಣು ಹೊಕ್ಕಿರುವ ಮನುಷ್ಯ ಸಿಗಬೇಕು. ಲಾಸಾನ್ಸಿಗೆ ಮರಳಿ ಮನೆಮನೆ ತಿರುಗಿದನು. ಮೊದಲು ಒಂದು ಬೆಕ್ಕಿನ ರಕ್ತದಲ್ಲಿ ಕಂಡಿತು. ೧೯೦೯ರ ಏಪ್ರಿಲ್ ೧೪ರಂದು, ಜ್ವರದಿಂದ ಮುಖ ಬಾತು ಮಲಗಿದ್ದ ಎರಡು ವರ್ಷದ ಹೆಣ್ಣುಮಗುವಿನ ರಕ್ತದಲ್ಲಿ ಕಂಡಿತು. ಏಪ್ರಿಲ್ ೨೨ರಂದು ಕ್ರೂಜನು ರಾಷ್ಟ್ರೀಯ ವೈದ್ಯ ಅಕಾಡೆಮಿಯಲ್ಲಿ ಈ ಶೋಧವನ್ನು ಪ್ರಕಟಿಸಿದನು. ಶಾಗಸನಿಗೆ ಆಗ ಇನ್ನೂ ಮೂವತ್ತು ತುಂಬಿರಲಿಲ್ಲ. ಒಂದು ಹೊಸ ರೋಗವನ್ನೂ ಅದರ ಜೀವಾಣುವನ್ನೂ ಅದನ್ನು ಹರಡುವ ಹುಳುವನ್ನೂ ಒಬ್ಬನೇ ಕಂಡುಹಿಡಿದ ದೃಷ್ಟಾಂತ ವೈದ್ಯಶಾಸ್ತ್ರದಲ್ಲಿ ಬಹಳ ಅಪರೂಪ.

ಕೀರ್ತಿ ಬೇಗ ಬಂತು. ಅಕಾಡೆಮಿಯ ಹಿರಿಯರು ಲಾಸಾನ್ಸಿಗೆ ಹೋಗಿ ಕಣ್ಣಾರೆ ಕಂಡು ಬಂದರು. ೧೯೧೦ರಲ್ಲಿ ಅಕಾಡೆಮಿ ಆತನನ್ನು ಸದಸ್ಯನನ್ನಾಗಿ ಮಾಡಿಕೊಂಡಿತು. ೧೯೧೨ರಲ್ಲಿ ಜರ್ಮನಿಯ ಹ್ಯಾಂಬರ್ಗಿನಿಂದ ಶೌಡಿನ್ ಬಹುಮಾನ ದೊರೆಯಿತು. ೧೯೧೩ರಲ್ಲಿ ನೊಬೆಲ್ ಪಾರಿತೋಷಕಕ್ಕೆ ಹೆಸರು ಸೂಚಿತವಾಯಿತು. ಈ ನಡುವೆ ಅಮೆಜಾನ್ ನದಿಯ ಸೀಮೆಯಲ್ಲಿ ಸಂಚರಿಸಿ ಅಲ್ಲಿಯ ರಬ್ಬರ್ ಕೂಲಿಗಳ ದುರವಸ್ಥೆಯನ್ನೂ ನೋಡಿ ಬಂದನು.

ಆತನು ಹೇಳಿದ್ದೆಲ್ಲವೂ ಸರಿಯಾಗಿರಲಿಲ್ಲ. ಜೀವನಚರಿತ್ರೆ ಬರೆಯುವವರು ನಾಯಕನ ತಪ್ಪುಗಳನ್ನು ಮುಚ್ಚಿಡುವುದುಂಟು. ಶಾಗಸನ ವಿಷಯದಲ್ಲಿ ಹಾಗೆ ಮಾಡಿದರೆ ಕಥೆಯೇ ಅರ್ಥವಾಗುವುದಿಲ್ಲ. ಹುಳುವು ಕಚ್ಚಿದಾಗ ಅದರ ಬಾಯಿಂದ ರೋಗ ಒಳಹೋಗುತ್ತದೆಂದು ಆತನು ನಂಬಿದ್ದನು. ೧೯೧೨ರಲ್ಲಿ ಫ್ರಾನ್ಸಿನ ಎಮಿಲ್ ಬ್ರುಂಪ್ಟ್ ಅದು ಹುಳುವಿನ ಮಲದ ಮೂಲಕವೆಂದು ತೋರಿಸಿದನು. ಹುಳು ರಕ್ತ ಕುಡಿದು ಅಲ್ಲಿಯೇ ಮಲ ಬಿಡುತ್ತದೆ. ನಿದ್ದೆಗಣ್ಣಿನಲ್ಲಿ ಮನುಷ್ಯ ಕೆರೆದುಕೊಂಡಾಗ ಅದು ಗಾಯಕ್ಕೋ ಕಣ್ಣಿಗೋ ಸೇರುತ್ತದೆ. ಪ್ರಾಣಿಗಳ ಶ್ವಾಸಕೋಶದಲ್ಲಿ ಕಂಡ ಕೆಲವು ಕೋಶಗಳನ್ನು ಶಾಗಸನು ತನ್ನ ಜೀವಾಣುವಿನದೇ ಒಂದು ಅವಸ್ಥೆಯೆಂದು ಎಣಿಸಿದ್ದನು. ಅದು ನ್ಯೂಮೊಸಿಸ್ಟಿಸ್ ಎಂಬ ಬೇರೆಯೇ ಜೀವಿ ಎಂದು ಪ್ಯಾರಿಸಿನವರು ತೋರಿಸಿಕೊಟ್ಟರು. ಎಲ್ಲಕ್ಕಿಂತ ದುಬಾರಿಯಾದ ತಪ್ಪು ಗಳಗಂಡದ್ದು. ಲಾಸಾನ್ಸಿನಲ್ಲಿ ಬಹು ಮಂದಿಯ ಕುತ್ತಿಗೆಯಲ್ಲಿ ಗಳಗಂಡವಿತ್ತು. ಅದೂ ಈ ರೋಗದ ಲಕ್ಷಣವೇ ಎಂದು ಶಾಗಸನು ಬರೆದನು. ಅರ್ಜೆಂಟೀನಾದಲ್ಲಿ ಕೆಲಸ ಮಾಡುತ್ತಿದ್ದ ರುಡಾಲ್ಫ್ ಕ್ರಾಸ್ ಎಂಬ ವಿಜ್ಞಾನಿ ಅಲ್ಲಿಯ ಹುಳುಗಳಲ್ಲಿ ಜೀವಾಣುವಿದ್ದರೂ ಇಂತಹ ರೋಗಿಗಳು ಸಿಗಲಿಲ್ಲವೆಂದು ವಾದಿಸಿದನು. ಗಳಗಂಡದ ನಿಜವಾದ ಕಾರಣ ಆಹಾರದಲ್ಲಿ ಅಯೋಡಿನ್ನಿನ ಕೊರತೆ. ಒಂದು ಲಕ್ಷಣ ಸುಳ್ಳಾದ ಕೂಡಲೇ ಇಡೀ ರೋಗವೇ ಸುಳ್ಳಿರಬಹುದೆಂಬ ಮಾತು ಹುಟ್ಟಿತು.

೧೯೧೭ರ ಫೆಬ್ರವರಿಯಲ್ಲಿ ಒಸ್ವಾಲ್ಡೊ ಕ್ರೂಜನು ತೀರಿಕೊಂಡನು. ಆತನ ಹೆಸರನ್ನೇ ಹೊತ್ತಿದ್ದ ಸಂಸ್ಥೆಗೆ ಶಾಗಸನು ನಿರ್ದೇಶಕನಾದನು; ಸಾಯುವವರೆಗೂ ಆ ಸ್ಥಾನದಲ್ಲಿದ್ದನು. ೧೯೧೮ರ ಇನ್‌ಫ್ಲುಯೆಂಜಾ ಪಿಡುಗು ರಿಯೊ ನಗರವನ್ನು ಹೊಕ್ಕಾಗ ತುರ್ತು ಆಸ್ಪತ್ರೆಗಳನ್ನು ತೆರೆಯುವ ಭಾರ ಆತನ ಮೇಲೆ ಬಿತ್ತು. ೧೯೨೦ರಿಂದ ೧೯೨೬ರವರೆಗೆ ಇಡೀ ದೇಶದ ಸಾರ್ವಜನಿಕ ಆರೋಗ್ಯ ಇಲಾಖೆಯ ಮುಖ್ಯಸ್ಥನಾಗಿದ್ದನು. ದಾದಿಯರ ಶಿಕ್ಷಣಕ್ಕೆ ಶಾಲೆ ಸ್ಥಾಪನೆಯಾದದ್ದು ಆ ಕಾಲದಲ್ಲಿಯೇ. ಅಧಿಕಾರ ಬಂದರೆ ಶತ್ರುಗಳು ಬರುತ್ತಾರೆ. ಅದಕ್ಕೆ ಬ್ರೆಜಿಲ್ ಹೊರತಲ್ಲ.

೧೯೨೨ರ ಕೊನೆಯಲ್ಲಿ ಅದೇ ವೈದ್ಯ ಅಕಾಡೆಮಿಯಲ್ಲಿ ಅಫ್ರಾನಿಯೊ ಪೆಯ್ಶೊಟೊ ಎಂಬ ಹೆಸರಾಂತ ವೈದ್ಯ, ಸಾಹಿತಿ, ಈ ರೋಗವನ್ನು ಲೇವಡಿ ಮಾಡಿದನು. ಲಾಸಾನ್ಸಿನಲ್ಲಿ ಬೆರಳೆಣಿಕೆಯ ರೋಗಿಗಳಿರಬಹುದು, ಅದನ್ನು ದೇಶವ್ಯಾಪಿ ಪಿಡುಗೆಂದು ಸಾರಿ ಬ್ರೆಜಿಲಿನ ಹೆಸರನ್ನೇಕೆ ಕೆಡಿಸಬೇಕು ಎಂಬುದು ಆತನ ವಾದದ ತಿರುಳು. ಜೀವಾಣುವನ್ನು ಕಂಡ ಹಿರಿಮೆ ಶಾಗಸನದಲ್ಲ, ಕ್ರೂಜನದು ಎಂಬ ಪಿಸುಮಾತೂ ಸೇರಿಕೊಂಡಿತು. ಶಾಗಸನು ವಿಚಾರಣಾ ಸಮಿತಿಯನ್ನು ತಾನೇ ಬೇಡಿದನು. ಒಂದು ವರ್ಷ ವಾಗ್ವಾದ ನಡೆದು ೧೯೨೩ರ ಕೊನೆಯಲ್ಲಿ ಬಂದ ವರದಿ, ಶೋಧದ ಕೀರ್ತಿ ಶಾಗಸನದೇ ಎಂದು ಒಪ್ಪಿಕೊಂಡಿತು; ರೋಗ ಎಷ್ಟು ದೂರ ಹರಡಿದೆ ಎಂಬ ಪ್ರಶ್ನೆಗೆ ಮಾತ್ರ ನೇರವಾಗಿ ಉತ್ತರಿಸಲಿಲ್ಲ. ನನಗೆ ಕಾಣುವಂತೆ ಇದು ಗೆದ್ದೂ ಸೋತಂತೆ. ಗುಡಿಸಲಿನವರ ರೋಗವನ್ನು ಅಳೆಯಲು ಯಾರೂ ಹೊರಡಲಿಲ್ಲ. ೧೯೨೧ರಲ್ಲಿ ನೊಬೆಲ್ ಪಾರಿತೋಷಕಕ್ಕೆ ಮತ್ತೊಮ್ಮೆ ಆತನ ಹೆಸರು ಹೋಗಿತ್ತು. ಆ ವರ್ಷ ವೈದ್ಯಶಾಸ್ತ್ರದ ಪಾರಿತೋಷಕವನ್ನು ಯಾರಿಗೂ ಕೊಡಲಿಲ್ಲ.

ಜಗಳದ ಈ ಧೂಳಿನ ನಡುವೆಯೇ ಶಾಗಸನು ತನ್ನ ಕೊನೆಯ ದೊಡ್ಡ ಕೆಲಸವನ್ನು ಮಾಡಿದ್ದನು. ೧೯೨೨ರಲ್ಲಿ ಯೂರಿಕೊ ವಿಲೇಲಾ ಎಂಬ ಸಹೋದ್ಯೋಗಿಯೊಡನೆ ಈ ರೋಗದ ಹೃದಯರೂಪವನ್ನು ಕುರಿತು ದೀರ್ಘ ಪ್ರಬಂಧವನ್ನು ಪ್ರಕಟಿಸಿದನು. ಗಳಗಂಡದ ಗದ್ದಲದಲ್ಲಿ ಇದನ್ನು ಓದಿದವರು ಕಡಮೆ. ಆದರೆ ಆತನು ಬರೆದುದರಲ್ಲಿ ಕಾಲಕ್ಕೆ ನಿಂತದ್ದು ಇದೇ ಎಂದು ನನ್ನ ಎಣಿಕೆ. ಆದುದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ನಮ್ಮ ಹೃದಯಕ್ಕೆ ತಾನೇ ಬಡಿಯುವ ಶಕ್ತಿಯುಂಟು. ಆದರೆ ಎಷ್ಟು ವೇಗವಾಗಿ ಬಡಿಯಬೇಕೆಂಬುದನ್ನು ಎರಡು ಬಗೆಯ ನರಗಳು ಗಳಿಗೆಗಳಿಗೆಗೂ ತಿದ್ದುತ್ತಿರುತ್ತವೆ. ಒಂದು ವೇಗಸ್ ನರ. ಇದು ಕುದುರೆಗೆ ಕಡಿವಾಣವಿದ್ದಂತೆ, ಬಡಿತವನ್ನು ನಿಧಾನಿಸುತ್ತದೆ. ಇನ್ನೊಂದು ಸಿಂಪಥೆಟಿಕ್ ನರ. ಇದು ಚಾವಟಿಯಂತೆ, ಬಡಿತವನ್ನು ಹೆಚ್ಚಿಸುತ್ತದೆ. ನಾವು ಕುಳಿತಲ್ಲಿಂದ ಏಳುವಾಗ, ಮೆಟ್ಟಿಲು ಹತ್ತುವಾಗ, ಓಡಿ ನಿಂತಾಗ ಇವೆರಡೂ ಸೇರಿ ಕೆಲಸ ಮಾಡುತ್ತವೆ. ಆರಾಮವಾಗಿ ಕುಳಿತಿರುವಾಗ ಕಡಿವಾಣದ್ದೇ ಮೇಲುಗೈ. ಅಟ್ರೋಪಿನ್ ಎಂಬ ಔಷಧ ಕೊಟ್ಟರೆ ವೇಗಸ್ ನರದ ಹಿಡಿತ ತಪ್ಪಿ ನಾಡಿ ಜೋರಾಗುತ್ತದೆ. ಆರೋಗ್ಯವಂತರಲ್ಲಿ ಇದು ಖಂಡಿತ. ಶಾಗಸನೂ ವಿಲೇಲಾನೂ ತಮ್ಮ ರೋಗಿಗಳಿಗೆ ಅಟ್ರೋಪಿನ್ ಕೊಟ್ಟು ನೋಡಿದರು. ಅನೇಕರಲ್ಲಿ ನಾಡಿ ಏರಬೇಕಾದಷ್ಟು ಏರಲಿಲ್ಲ. ಬಿಡಿಸುವುದಕ್ಕೆ ಕಡಿವಾಣ ಇದ್ದರಲ್ಲವೇ!

ಇದರ ಅರ್ಥ ಪೂರ್ತಿಯಾಗಿ ಬಿಚ್ಚಿಕೊಂಡದ್ದು ಮೂವತ್ತು ವರ್ಷಗಳ ತರುವಾಯ. ಆಸ್ಟ್ರಿಯಾದಿಂದ ಬಂದು ಬ್ರೆಜಿಲಿನ ರಿಬೇರಾವೊ ಪ್ರೆಟೊದಲ್ಲಿ ನೆಲೆಸಿದ ಫ್ರಿಟ್ಜ್ ಕೋಬರ್ಲೆ ಎಂಬ ರೋಗಶಾಸ್ತ್ರಜ್ಞನು ೧೯೫೦ರ ದಶಕದಲ್ಲಿ ಮೃತರ ಹೃದಯಗಳನ್ನು ತೆಳುವಾಗಿ ಸೀಳಿ, ಹೃತ್ಕರ್ಣದ ಗೋಡೆಯಲ್ಲಿರುವ ವೇಗಸ್ ನರದ ಪುಟ್ಟ ಕೋಶಗಳನ್ನು ಒಂದೊಂದಾಗಿ ಎಣಿಸಿದನು. ಶಾಗಸ್ ರೋಗದಿಂದ ಸತ್ತವರಲ್ಲಿ ಅವುಗಳ ಸಂಖ್ಯೆ ಬಹಳವಾಗಿ ಕುಗ್ಗಿತ್ತು. ಅನ್ನನಾಳದಲ್ಲಿಯೂ ದೊಡ್ಡ ಕರುಳಿನಲ್ಲಿಯೂ ಅದೇ ಗತಿ. ಅದಕ್ಕಾಗಿಯೇ ಕೆಲವು ರೋಗಿಗಳಿಗೆ ನುಂಗಿದ ಅನ್ನ ಕೆಳಗಿಳಿಯದೆ ಅನ್ನನಾಳವು ಚೀಲದಂತೆ ಹಿಗ್ಗುತ್ತದೆ. ಸತ್ತ ನರಕೋಶ ಮತ್ತೆ ಹುಟ್ಟುವುದಿಲ್ಲ. ಜೀವಾಣು ಮೊದಲ ಬಾರಿಗೆ ಮೈಹೊಕ್ಕ ಕೆಲವು ವಾರಗಳಲ್ಲಿಯೇ ಈ ನಷ್ಟದ ಬಹುಪಾಲು ಆಗಿಹೋಗುತ್ತದೆಂದು ಕೋಬರ್ಲೆ ಹೇಳಿದನು.

ನರಕೋಶಗಳನ್ನು ಕೊಂದವರಾರು? ಇಲ್ಲಿ ದೇಹದ ರಕ್ಷಣೆಯ ಮಾತು ಬರುತ್ತದೆ. ಟ್ರಿಪಾನೊಸೋಮ ಹೃದಯದ ಸ್ನಾಯುವಿನೊಳಗೆ ಹೊಕ್ಕು, ಬಾಲ ಕಳೆದುಕೊಂಡು, ಗುಂಡಗಾಗಿ, ಗೂಡು ಕಟ್ಟಿ ಮರಿಹಾಕುತ್ತದೆ. ಇದನ್ನು ಮೊದಲು ತೋರಿಸಿದವನು ಮಾಂಗಿನ್ಯೊಸ್‌ನ ಗಾಸ್ಪರ್ ವಿಯಾನ್ನಾ, ೧೯೧೧ರಲ್ಲಿ. ಗೂಡು ಒಡೆದಾಗ ರಕ್ತದ ಬಿಳಿಯ ಕಣಗಳು ಸೈನ್ಯದಂತೆ ನುಗ್ಗುತ್ತವೆ. ಶತ್ರುವನ್ನು ಹೊಡೆಯುವ ಭರದಲ್ಲಿ ಪಕ್ಕದಲ್ಲಿರುವ ಸ್ನಾಯುವೂ ನರಕೋಶವೂ ಪೆಟ್ಟು ತಿನ್ನುತ್ತವೆ. ಜ್ವರ ಇಳಿಯುತ್ತದೆ, ರೋಗಿ ಎದ್ದು ಓಡಾಡುತ್ತಾನೆ, ಹತ್ತಿಪ್ಪತ್ತು ವರ್ಷ ಏನೂ ಆಗಿಲ್ಲವೆಂಬಂತೆ ದುಡಿಯುತ್ತಾನೆ. ಆದರೆ ಜೀವಾಣು ಪೂರ್ತಿ ಅಳಿದಿರುವುದಿಲ್ಲ. ಒಳಗೊಳಗೇ ಸಣ್ಣ ಕಿಚ್ಚು ಬೂದಿಯಡಿಯ ಕೆಂಡದಂತೆ ಉಳಿದಿರುತ್ತದೆ. ಸೋಂಕು ತಗುಲಿದವರಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಮಂದಿಗೆ ಕಾಲಾನಂತರ ಹೃದಯ ಕೆಡುತ್ತದೆ. ಸ್ನಾಯುವಿದ್ದ ಕಡೆ ನಾರು ಬೆಳೆಯುತ್ತದೆ. ಬಡಿತದ ಸಂದೇಶ ಸಾಗುವ ದಾರಿ ಕಡಿದುಹೋಗುತ್ತದೆ. ಹೃದಯದ ತುದಿ ತೆಳುವಾಗಿ ಉಬ್ಬುತ್ತದೆ. ಲಾಸಾನ್ಸಿನ ಗಂಡಸರು ಇದ್ದಕ್ಕಿದ್ದಂತೆ ಬಿದ್ದು ಸತ್ತದ್ದು ಹೀಗೆ.

ಒಂದು ಕಾಲಕ್ಕೆ, ಇದು ಪೂರ್ತಿಯಾಗಿ ದೇಹವು ತನ್ನ ಮೇಲೆ ತಾನೇ ತಿರುಗಿಬೀಳುವ ರೋಗವೆಂದು ಅನೇಕರು ನಂಬಿದ್ದರು. ಅದಕ್ಕೆ ಆಧಾರವಿಲ್ಲದೆ ಇರಲಿಲ್ಲ. ಜೀವಾಣುವಿನ ಕೆಲವು ಪ್ರೋಟೀನುಗಳು ಹೃದಯದ ಪ್ರೋಟೀನುಗಳನ್ನು ಹೋಲುತ್ತವೆ. ನರಗಳ ಸಂದೇಶವನ್ನು ಹಿಡಿಯುವುದಕ್ಕಾಗಿ ಹೃದಯದ ಮೇಲಿರುವ ಗ್ರಾಹಕಗಳಿಗೇ ಹೋಗಿ ಅಂಟಿಕೊಳ್ಳುವ ಪ್ರತಿಕಾಯಗಳನ್ನು ಅರ್ಜೆಂಟೀನಾದ ವಿಜ್ಞಾನಿಗಳು ರೋಗಿಗಳ ರಕ್ತದಲ್ಲಿ ಕಂಡರು. ಎಂದರೆ ನರ ಸತ್ತ ಮೇಲೆ ಅದರ ಬಾಗಿಲನ್ನು ಬೇರೆಯವರು ಬಡಿಯುತ್ತಿದ್ದಾರೆ! ಆದರೆ ಹೃದಯವನ್ನೇ ಬದಲಾಯಿಸಿಕೊಂಡ ರೋಗಿಗಳಿಗೆ ದೇಹರಕ್ಷಣೆಯನ್ನು ಅಡಗಿಸುವ ಔಷಧ ಕೊಟ್ಟಾಗ ಅಡಗಿದ್ದ ಜೀವಾಣು ಮತ್ತೆ ತಲೆಯೆತ್ತುವುದನ್ನು ವೈದ್ಯರು ಕಂಡಿದ್ದಾರೆ. ರಕ್ಷಣೆ ಕಡಮೆಯಾದರೆ ಜೀವಾಣು ಗೆಲ್ಲುತ್ತದೆ. ಅತಿಯಾದರೆ ಹೃದಯ ಸೋಲುತ್ತದೆ. ಉರಿಯನ್ನು ಹೆಚ್ಚಿಸುವ ಇಂಟರ್‌ಫೆರಾನ್ ಗಾಮಾದಂತಹ ವಸ್ತುಗಳು ಹೃದಯ ಕೆಟ್ಟವರಲ್ಲಿ ಹೆಚ್ಚು, ಉರಿಯನ್ನು ತಗ್ಗಿಸುವ ಇಂಟರ್‌ಲ್ಯೂಕಿನ್ ಹತ್ತು ಎಂಬುದು ಹೃದಯ ಉಳಿದವರಲ್ಲಿ ಹೆಚ್ಚು ಎಂದು ಹಲವು ಪರೀಕ್ಷೆಗಳಲ್ಲಿ ಕಂಡುಬಂದಿದೆ.

ಇತ್ತೀಚಿನ ವರ್ಷಗಳಲ್ಲಿ ಈ ಎರಡು ಎಳೆಗಳು, ನರ ಮತ್ತು ರಕ್ಷಣೆ, ಒಂದಕ್ಕೊಂದು ಸೇರುತ್ತಿರುವುದು ಕುತೂಹಲಕರ. ವೇಗಸ್ ನರ ಬರಿಯ ಬಡಿತದ ಕಡಿವಾಣವಲ್ಲ, ದೇಹದ ಉರಿಯೂತಕ್ಕೂ ಅದು ಕಡಿವಾಣ ಎಂದು ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಪ್ರಾಣಿಗಳ ಮೇಲಿನ ಪ್ರಯೋಗಗಳು ತೋರಿಸಿದವು. ಅದರ ತುದಿಯಿಂದ ಒಸರುವ ಅಸೆಟೈಲ್‌ಕೋಲಿನ್ ಎಂಬ ರಸವು ರಕ್ಷಣೆಯ ಕಣಗಳ ಆವೇಶವನ್ನು ತಗ್ಗಿಸುತ್ತದೆ. ಹಾಗಾದರೆ ಶಾಗಸ್ ರೋಗಿಯಲ್ಲಿ ಆ ನರ ಕುಂದಿದುದರಿಂದಲೇ ಹೃದಯದ ಕಿಚ್ಚು ಆರದೆ ಉಳಿಯಿತೇ? ಅಥವಾ ಕಿಚ್ಚೇ ನರವನ್ನು ತಿಂದುಹಾಕಿತೇ? ಎರಡೂ ಇರಬಹುದು. ನರನಾಶದ ಪ್ರಮಾಣ ಒಬ್ಬೊಬ್ಬ ರೋಗಿಯಲ್ಲಿ ಒಂದೊಂದು ಬಗೆಯಾಗಿರುವುದರಿಂದ, ಕೋಬರ್ಲೆ ಎಣಿಸಿದಂತೆ ನರವೊಂದೇ ಎಲ್ಲಕ್ಕೂ ಕಾರಣವೆಂದು ಇಂದು ಹೆಚ್ಚಿನವರು ಒಪ್ಪುವುದಿಲ್ಲ. ಜೀವಾಣುವನ್ನು ಕೊಲ್ಲುವ ಬೆಂಜ್ನಿಡಜೋಲ್ ಎಂಬ ಔಷಧವುಂಟು. ಎಳೆಯರಲ್ಲಿ, ಹೊಸ ಸೋಂಕಿನಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಹೃದಯ ಆಗಲೇ ಕೆಟ್ಟವರಿಗೆ ಕೊಟ್ಟು ನಡೆಸಿದ ದೊಡ್ಡ ಪರೀಕ್ಷೆಯೊಂದರ ಫಲ ೧೯೧೫ಕ್ಕೆ ಸರಿಯಾಗಿ ನೂರು ವರ್ಷದ ಮೇಲೆ, ೨೦೧೫ರಲ್ಲಿ ಹೊರಬಂತು: ರಕ್ತದಲ್ಲಿ ಜೀವಾಣು ಕಡಮೆಯಾಯಿತು, ಹೃದಯದ ಅವನತಿ ಮಾತ್ರ ಗಮನಾರ್ಹವಾಗಿ ತಗ್ಗಲಿಲ್ಲ.

ಶಾಗಸನು ಇದಾವುದನ್ನೂ ಕಾಣಲಿಲ್ಲ. ೧೯೨೫ರಿಂದ ರಿಯೊದಲ್ಲಿ ಉಷ್ಣವಲಯದ ರೋಗಗಳ ಪ್ರಾಧ್ಯಾಪಕನಾಗಿದ್ದನು. ವಿದೇಶಗಳ ವಿಶ್ವವಿದ್ಯಾಲಯಗಳು ಗೌರವ ಪದವಿಗಳನ್ನು ಕೊಟ್ಟವು. ಇಬ್ಬರು ಗಂಡುಮಕ್ಕಳೂ ವಿಜ್ಞಾನಿಗಳಾದರು. ಹಿರಿಯನಾದ ಇವಾಂಡ್ರೊ ತಂದೆಯ ದಾರಿಯಲ್ಲಿಯೇ ನಡೆದು, ೧೯೪೦ರಲ್ಲಿ ವಿಮಾನ ಅಪಘಾತದಲ್ಲಿ ಮಡಿದನು. ಕಿರಿಯನು ಜೀವಭೌತಶಾಸ್ತ್ರದಲ್ಲಿ ಹೆಸರು ಪಡೆದು ೨೦೦೦ದವರೆಗೆ ಬದುಕಿದ್ದನು. ಹೃದಯದ ನರವನ್ನು ಪರೀಕ್ಷಿಸಿದ ಶಾಗಸನು ೧೯೩೪ರ ನವೆಂಬರ್ ೮ರಂದು ಹೃದಯಾಘಾತದಿಂದಲೇ ತೀರಿಕೊಂಡನು. ಆಗ ಐವತ್ತೈದು ವರ್ಷ.

ಮರುವರ್ಷವೇ, ೧೯೩೫ರಲ್ಲಿ, ಅರ್ಜೆಂಟೀನಾದ ಸೆಸಿಲಿಯೊ ರೊಮಾನ್ಯಾ ಎಂಬ ವೈದ್ಯನು ಒಂದು ಕಡೆಯ ಕಣ್ಣಿನ ರೆಪ್ಪೆ ಬಾತುಕೊಳ್ಳುವುದು ಹೊಸ ಸೋಂಕಿನ ಗುರುತೆಂದು ತೋರಿಸಿದನು. ಆ ಗುರುತನ್ನು ಹಿಡಿದು ಹುಡುಕಿದವರಿಗೆ ರೋಗಿಗಳು ಬೆರಳೆಣಿಕೆಯಲ್ಲಿ ಸಿಗಲಿಲ್ಲ, ನೂರುಗಟ್ಟಲೆ ಸಿಕ್ಕಿದರು. ೧೯೪೩ರಲ್ಲಿ ಮಿನಾಸ್ ಜೆರಾಯಿಸಿನ ಬಾಂಬುಯಿ ಎಂಬಲ್ಲಿ ಕೇಂದ್ರ ತೆರೆದ ಇಮ್ಯಾನುಯೆಲ್ ಡಿಯಾಸನೂ ಆತನ ಜೊತೆಗಾರರೂ ಹೃದಯದ ವಿದ್ಯುತ್ ಲೇಖಗಳನ್ನು ತೆಗೆದು, ಶಾಗಸನು ಹೇಳಿದ ಹೃದಯರೂಪ ಕಲ್ಪನೆಯಲ್ಲವೆಂದು ಸಂಶಯಕ್ಕೆಡೆಯಿಲ್ಲದಂತೆ ಸ್ಥಾಪಿಸಿದರು. ಮುಂದೆ ಮನೆಗಳಿಗೆ ಕೀಟನಾಶಕ ಸಿಂಪಡಿಸುವ ಕೆಲಸ ದೇಶದಾದ್ಯಂತ ನಡೆಯಿತು. ರೋಗ ಹರಡುವ ಹುಳುಗಳಲ್ಲಿ ಮುಖ್ಯವಾದ ಒಂದು ಜಾತಿಯಿಂದ ಸೋಂಕು ತಗುಲುವುದು ನಿಂತಿದೆಯೆಂದು ೨೦೦೬ರಲ್ಲಿ ಬ್ರೆಜಿಲಿಗೆ ಪ್ರಮಾಣಪತ್ರ ದೊರೆಯಿತು. ಆದರೂ ಜಗತ್ತಿನಲ್ಲಿ ಸುಮಾರು ಎಪ್ಪತ್ತು ಲಕ್ಷ ಜನರ ಮೈಯಲ್ಲಿ ಈ ಜೀವಾಣು ಇದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ೨೦೨೦ರಿಂದ ಪ್ರತಿವರ್ಷ ಏಪ್ರಿಲ್ ೧೪ನ್ನು, ಎಂದರೆ ಲಾಸಾನ್ಸಿನ ಮಗುವಿನ ರಕ್ತ ಪರೀಕ್ಷಿಸಿದ ದಿನವನ್ನು, ಶಾಗಸ್ ರೋಗದ ದಿನವೆಂದು ಆಚರಿಸುತ್ತಾರೆ.

ಆ ಮಗು ಏನಾಯಿತೆಂದು ಯಾರಾದರೂ ಕೇಳಬಹುದು. ಆಕೆ ಬೆಳೆದು ದೊಡ್ಡವಳಾದಳು. ಶೋಧವಾಗಿ ಐವತ್ತು ವರ್ಷಗಳು ಕಳೆದ ಮೇಲೆ ವೈದ್ಯರು ಆಕೆಯನ್ನು ಹುಡುಕಿ ಪರೀಕ್ಷಿಸಿದಾಗ ರಕ್ತದಲ್ಲಿ ಟ್ರಿಪಾನೊಸೋಮ ಇನ್ನೂ ಇತ್ತು. ಹೃದಯ ಮಾತ್ರ ಕೆಟ್ಟಿರಲಿಲ್ಲ. ಎಪ್ಪತ್ತು ದಾಟುವವರೆಗೆ ಬದುಕಿ, ಈ ರೋಗದಿಂದಲ್ಲದೆ ಬೇರೆ ಕಾರಣದಿಂದ ತೀರಿಕೊಂಡಳು. ಅದೇ ಹಳ್ಳಿಯ, ಅಂತಹದೇ ಗುಡಿಸಲುಗಳ ಗಂಡಸರು ಮೂವತ್ತು ನಲವತ್ತರಲ್ಲಿ ಬಿದ್ದು ಸತ್ತರು. ಅವರ ದೇಹವು ಮಾಡಲಾರದೆ ಹೋದ ಯಾವ ರಾಜಿಯನ್ನು ಆಕೆಯ ದೇಹ ಆ ಜೀವಾಣುವಿನೊಡನೆ ಮಾಡಿಕೊಂಡಿತ್ತು ಎಂಬುದನ್ನು ವಿಜ್ಞಾನಿಗಳು ಈಗಲೂ ಹುಡುಕುತ್ತಿದ್ದಾರೆ.